ಹತ್ತು ನಿಮಿಷದ ಇತಿಹಾಸ



“ಇಂಥ ಸಂಖ್ಯೆಯ ಗಾಡಿ ಇನ್ನು ಮುಂದೆ ಹತ್ತು ನಿಮಿಷ ಮೊದಲೇ ಹೊರಡಲಿದೆ, ಪ್ರಯಾಣಿಕರು ಗಮನಿಸಬೇಕು.” ರೈಲ್ವೆಯ ಇಂಥ ಪ್ರಕಟಣೆಗಳನ್ನು ನೀವು ಪತ್ರಿಕೆಯ ಒಳಪುಟಗಳಲ್ಲಿ ನೋಡಿರುತ್ತೀರಿ. ವರ್ಷಕ್ಕೆ ಒಂದೆರಡು ಬಾರಿ ರೈಲು ಹತ್ತುವವರು ಅದನ್ನು ಓದಿ ಮರೆತುಬಿಡುತ್ತಾರೆ. ಆದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮುನ್ನವೇ ಬೆಂಗಳೂರಿನ ಗಾಡಿಗೆ ಕಾದು ನಿಲ್ಲುವವರಿಗೆ ಅದು ಮರೆಯುವ ಸುದ್ದಿಯಲ್ಲ. ಅದನ್ನು ಕುರಿತು ಗಾಡಿಯೊಳಗೆ ದಿನಗಟ್ಟಲೆ ಮಾತು ನಡೆಯುತ್ತದೆ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಮಾತು ಅದು.

ಆ ಚರ್ಚೆಯ ಧಾಟಿಯನ್ನು ನೀವು ಊಹಿಸಿಕೊಳ್ಳಬಹುದು. ಹತ್ತು ನಿಮಿಷ ಮೊದಲು ಎದ್ದರಾಯಿತಲ್ಲ ಎಂದು ಒಬ್ಬರು ಹೇಳುತ್ತಾರೆ. ಎದ್ದರೆ ಸಾಲದು, ಮನೆಯಿಂದ ನಿಲ್ದಾಣಕ್ಕೆ ಬರುವ ಬಸ್ಸೂ ಹತ್ತು ನಿಮಿಷ ಮೊದಲು ಬರಬೇಕಲ್ಲ ಎನ್ನುತ್ತಾರೆ ಇನ್ನೊಬ್ಬರು. ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ನಲ್ಲಿಯಲ್ಲಿ ನೀರು ಬರುವ ಹೊತ್ತು, ಮಗುವಿನ ಶಾಲೆಯ ಹೊತ್ತು, ಕಾರ್ಖಾನೆಯ ಗೇಟು ಮುಚ್ಚುವ ಹೊತ್ತು ಮೂರನ್ನೂ ಹೊಂದಿಸಬೇಕು. ಗೇಟಿನಲ್ಲಿ ತಡವಾದರೆ ಅರ್ಧ ದಿನದ ಕೂಲಿ ಹೋದೀತು. ಸಂಜೆಯ ಗಾಡಿ ತಪ್ಪಿದರಂತೂ ಮನೆ ಸೇರುವುದು ಎಷ್ಟು ಹೊತ್ತಿಗೋ! ಹೀಗೆ ರೈಲ್ವೆಯ ಪುಸ್ತಕದಲ್ಲಿ ಒಂದು ಅಂಕಿ ಬದಲಾದರೆ, ಸಾವಿರಾರು ಅಡುಗೆಮನೆಗಳ ಗಡಿಯಾರ ಬದಲಾಗಬೇಕಾಗುತ್ತದೆ.

ವೇಳಾಪಟ್ಟಿ ಎಂದರೆ ಅಂಕಿಗಳ ಪಟ್ಟಿ, ಅದು ತಜ್ಞರಿಗೆ ಬಿಟ್ಟ ವಿಷಯ ಎಂದು ನಾವು ಭಾವಿಸಿದ್ದೇವೆ. ಅದು ಅರ್ಧ ನಿಜ ಮಾತ್ರ. ಒಂದು ಹಳಿಯ ಮೇಲೆ ಯಾರ ಹೊತ್ತಿಗೆ ಮೊದಲ ಸ್ಥಾನ, ಯಾರ ಹೊತ್ತಿಗೆ ಕೊನೆಯ ಸ್ಥಾನ ಎಂಬ ತೀರ್ಮಾನವೂ ಅದರಲ್ಲಿ ಅಡಗಿದೆ. ಆ ತೀರ್ಮಾನ ಹೇಗಾಗುತ್ತಾ ಬಂತು, ಪ್ರಯಾಣಿಕನ ಮಾತು ಅದರಲ್ಲಿ ಯಾವಾಗ ಸೇರಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಣಿಗಾಗಿ ಬಂದ ಗಾಡಿ

ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರ ಆಗಸ್ಟ್ 1ರಂದು, ಜೋಲಾರಪೇಟೆಯ ಕಡೆಯಿಂದ. ಮದ್ರಾಸ್ ರೈಲ್ವೆ ಕಂಪನಿ ಹಾಕಿದ ಮಾರ್ಗ ಅದು. ಮದ್ರಾಸಿನ ರಾಯಪುರಂನಿಂದ ಮೊದಲ ರೈಲು ಹೊರಟದ್ದು 1856ರಲ್ಲಿ. ಎಂಟೇ ವರ್ಷಗಳಲ್ಲಿ ಅದರ ಒಂದು ಕವಲು ಮೈಸೂರು ಸೀಮೆಯನ್ನು ಮುಟ್ಟಿತ್ತು. ದಾರಿಯಲ್ಲಿದ್ದ ಒಂದು ನಿಲ್ದಾಣಕ್ಕೆ ಆಗಿನ ಕಮಿಷನರ್ ಲೂಯಿನ್ ಬೌರಿಂಗರ ಹೆಸರಿನಿಂದ ಬೌರಿಂಗ್‌ಪೇಟೆ ಎಂಬ ಹೆಸರು ಬಂತು. ಇಂದಿನ ಬಂಗಾರಪೇಟೆ ಅದೇ.

ಬಂಗಾರಪೇಟೆಗೆ ಸಮೀಪದ ನೆಲದಲ್ಲಿ ಚಿನ್ನದ ಶೋಧಕ್ಕೆ 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕ ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. ಕಲ್ಲಿದ್ದಲು, ಯಂತ್ರ, ಮರಮುಟ್ಟು, ಜನ ಎಲ್ಲವೂ ಗಣಿಯ ಬಾಯಿಗೆ ಬರಬೇಕಿತ್ತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಸುಮಾರು 16 ಕಿಲೋಮೀಟರ್‌ಗಳ ಕವಲು ಮಾರ್ಗ ತೆರೆಯಿತು. ನಿಲ್ದಾಣಗಳ ಹೆಸರನ್ನೇ ನೋಡಿ: ಚಾಂಪಿಯನ್, ಊರಿಗಾಂ, ಕೋರಮಂಡಲ್. ಇವು ಗಣಿಗಳ ಹೆಸರುಗಳೂ ಹೌದು. ಮುಂದೆ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದದ್ದನ್ನು ನಾವೆಲ್ಲ ಪಾಠಪುಸ್ತಕದಲ್ಲಿ ಓದಿದ್ದೇವೆ. ಅದಕ್ಕೂ ಎಂಟು ವರ್ಷ ಮೊದಲೇ ಅಲ್ಲಿಗೆ ರೈಲು ಬಂದಿತ್ತೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ.

ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಊರಿನ ದಿನವನ್ನು ಹಂಚಿದ್ದು ಗಣಿಯ ಪಾಳಿ. ಮನೆ ಗಣಿಯ ಪಕ್ಕದಲ್ಲೇ ಇತ್ತು. ರೈಲು ಸರಕಿಗೆ, ಊರಿಗೆ ಹೋಗಿಬರುವುದಕ್ಕೆ, ಬೆಂಗಳೂರಿನ ಆಸ್ಪತ್ರೆಗೋ ಮದುವೆಗೋ ಬೇಕಾಗುತ್ತಿತ್ತು. ಚಿನ್ನದ ಅಂಶ ಕಡಿಮೆಯಾಗಿ, ಆಳ ಹೆಚ್ಚಾಗಿ, ಖರ್ಚು ಆದಾಯವನ್ನು ಮೀರಿತು. ಕೇಂದ್ರ ಸರ್ಕಾರದ ಒಡೆತನದ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿತು.

ಅಂದಿನಿಂದ ಆ ರೈಲಿನ ಅರ್ಥವೇ ಬದಲಾಯಿತು. ಕೆಲಸ ಊರಿನಲ್ಲಿಲ್ಲ, ಮನೆ ಮಾತ್ರ ಊರಿನಲ್ಲಿದೆ. ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಸಂಸಾರ ಹೂಡುವಷ್ಟು ಸಂಬಳವಿಲ್ಲ. ಹೀಗಾಗಿ ಕಟ್ಟಡದ ಕೆಲಸಕ್ಕೆ, ಬಟ್ಟೆ ಕಾರ್ಖಾನೆಗೆ, ಅಂಗಡಿಗೆ, ಆಸ್ಪತ್ರೆಯ ಕೆಲಸಕ್ಕೆ, ಕಾವಲು ಕೆಲಸಕ್ಕೆ, ಕಂಪ್ಯೂಟರ್ ಕಚೇರಿಗೆ ಹೋಗುವವರೆಲ್ಲ ತೊಂಬತ್ತು ಕಿಲೋಮೀಟರ್‌ಗೆ ಹತ್ತಿರದ ದಾರಿಯನ್ನು ದಿನವೂ ಎರಡು ಸಲ ಕ್ರಮಿಸತೊಡಗಿದರು. ಗಣಿಗೆಂದು ಬಂದ ಗಾಡಿಯೇ ಗಣಿ ಹೋದ ಮೇಲೆ ಊರಿನ ಜೀವನಾಡಿಯಾಯಿತು. ಮುಂಚೆ ಗಣಿಯ ಗಡಿಯಾರವನ್ನು ನಂಬಿ ಬದುಕಿದವರ ಮಕ್ಕಳು ಈಗ ರೈಲಿನ ಗಡಿಯಾರವನ್ನು ನಂಬಬೇಕಾಯಿತು. ಅವರು ಆ ಹತ್ತು ನಿಮಿಷದ ಬಗ್ಗೆ ಅಷ್ಟು ಗಂಭೀರವಾಗಿ ಮಾತಾಡುವುದಕ್ಕೆ ಕಾರಣ ಇದು.

ಯಾರ ಗಡಿಯಾರ?

ರೈಲು ಬರುವ ಮೊದಲು ಪ್ರತಿಯೊಂದು ಊರಿಗೂ ತನ್ನದೇ ಹೊತ್ತು ಇತ್ತು. ಸೂರ್ಯ ನೆತ್ತಿಗೆ ಬಂದರೆ ಮಧ್ಯಾಹ್ನ. ಭೂಮಿ ತನ್ನ ಸುತ್ತ ತಿರುಗಲು 24 ಗಂಟೆ ತೆಗೆದುಕೊಳ್ಳುತ್ತದೆ. ಅಂದರೆ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಪೂರ್ವದ ಊರಿನಲ್ಲಿ ಮಧ್ಯಾಹ್ನ ಮೊದಲು, ಪಶ್ಚಿಮದ ಊರಿನಲ್ಲಿ ಆಮೇಲೆ. ಎತ್ತಿನ ಗಾಡಿಯ ಕಾಲದಲ್ಲಿ ಈ ವ್ಯತ್ಯಾಸ ಯಾರಿಗೂ ತಟ್ಟುತ್ತಿರಲಿಲ್ಲ. ರೈಲಿಗೆ ಮಾತ್ರ ಇದು ಪ್ರಾಣಾಂತಿಕ ಸಮಸ್ಯೆ. ಒಂದೇ ಹಳಿಯ ಎರಡು ತುದಿಯ ಸ್ಟೇಷನ್ ಮಾಸ್ತರರ ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸಿದರೆ ಗಾಡಿಗಳು ಎದುರಾಗುವುದು ಎಲ್ಲಿ?

ಇಂಗ್ಲೆಂಡಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ 1840ರಲ್ಲೇ ತನ್ನ ಎಲ್ಲ ನಿಲ್ದಾಣಗಳಿಗೂ ಲಂಡನ್ ಕಾಲವನ್ನು ಜಾರಿಗೆ ತಂದಿತು. ಅದರ ಹಿಂದಿನ ವರ್ಷವಷ್ಟೇ ಜಾರ್ಜ್ ಬ್ರ್ಯಾಡ್‌ಷಾ ಎಂಬ ಮುದ್ರಕ ರೈಲು ವೇಳೆಗಳನ್ನು ಒಟ್ಟುಗೂಡಿಸಿ ಪುಸ್ತಕವಾಗಿ ಮಾರಲು ಆರಂಭಿಸಿದ್ದ. ಬ್ರಿಟನ್ನಿನ ಕಾನೂನು ಇಡೀ ದೇಶಕ್ಕೆ ಒಂದೇ ಕಾಲ ಎಂದು ಒಪ್ಪಿದ್ದು 1880ರಲ್ಲಿ. ಅಂದರೆ ಕಾನೂನಿಗಿಂತ ನಲವತ್ತು ವರ್ಷ ಮುಂದೆ ರೈಲು ಓಡಿತ್ತು.

ನಮ್ಮಲ್ಲಿ 1870ರ ದಶಕದಿಂದ ರೈಲುಗಳಿಗೆ ಮದ್ರಾಸ್ ಕಾಲ ಆಧಾರವಾಯಿತು. ಬೊಂಬಾಯಿ ಮತ್ತು ಕಲ್ಕತ್ತಗಳ ನಡುವಿನ ರೇಖಾಂಶ ಮದ್ರಾಸಿನದು. ಅಲ್ಲಿ ಒಳ್ಳೆಯ ಖಗೋಳ ವೀಕ್ಷಣಾಲಯವಿತ್ತು. ತಂತಿಯ ಮೂಲಕ ಸಮಯದ ಸಂಕೇತ ಕಳುಹಿಸಬಹುದಿತ್ತು. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಮದ್ರಾಸಿನ ರೇಖಾಂಶ ಸುಮಾರು 80.2 ಡಿಗ್ರಿ, ಬೆಂಗಳೂರಿನದು ಸುಮಾರು 77.6 ಡಿಗ್ರಿ. ವ್ಯತ್ಯಾಸ ಎರಡೂವರೆ ಡಿಗ್ರಿಗೆ ಸ್ವಲ್ಪ ಹೆಚ್ಚು. ಅದನ್ನು ನಾಲ್ಕರಿಂದ ಗುಣಿಸಿ. ಹತ್ತು ನಿಮಿಷ ದಾಟುತ್ತದೆ! ಬೆಂಗಳೂರಿನ ನೆತ್ತಿಗೆ ಸೂರ್ಯ ಬರುವ ಹೊತ್ತಿಗೆ ರೈಲು ನಿಲ್ದಾಣದ ಗಡಿಯಾರದಲ್ಲಿ ಹನ್ನೆರಡು ಗಂಟೆ ಹತ್ತು ನಿಮಿಷ ಆಗಿರುತ್ತಿತ್ತು. ರೈಲು ಹಿಡಿಯಬೇಕಾದವನು ತನ್ನ ಊರಿನ ಸೂರ್ಯನನ್ನು ನಂಬಿದರೆ ಗಾಡಿ ತಪ್ಪಿಹೋಗುತ್ತಿತ್ತು. ಹತ್ತು ನಿಮಿಷದ ತಕರಾರು ನಮ್ಮ ಕಾಲದ್ದಲ್ಲ ಎಂದು ಇದರಿಂದ ತಿಳಿಯುತ್ತದೆ.

ಈ ತಕರಾರು ಜೋರಾಗಿ ಕೇಳಿಸಿದ್ದು ಬೊಂಬಾಯಿಯಲ್ಲಿ. 1881ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ ಬೊಂಬಾಯಿಯ ಸರ್ಕಾರಿ ಕಚೇರಿಗಳಿಗೂ ಮದ್ರಾಸ್ ಕಾಲವನ್ನು ವಿಧಿಸಿದರು. ಜನ ಒಪ್ಪಲಿಲ್ಲ, 1883ರಲ್ಲಿ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. 1905–06ರಲ್ಲಿ ಈಗ ನಾವು ಬಳಸುವ ಭಾರತೀಯ ಪ್ರಮಾಣಿತ ಕಾಲ ಬಂತು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿನ ಕಾಲ ಅದು. ಮದ್ರಾಸ್ ಕಾಲಕ್ಕೂ ಅದಕ್ಕೂ ಒಂಬತ್ತು ನಿಮಿಷದ ಅಂತರ. ಬೊಂಬಾಯಿಯ ಸ್ಥಳೀಯ ಕಾಲಕ್ಕೂ ಅದಕ್ಕೂ 39 ನಿಮಿಷದ ಅಂತರ. ಬೊಂಬಾಯಿಯ ಗಿರಣಿಗಳು ಹೊಸ ಗಡಿಯಾರದ ಪ್ರಕಾರ ಬಾಗಿಲು ತೆರೆದರೆ ಕಾರ್ಮಿಕ ಇನ್ನೂ ಕತ್ತಲಿರುವಾಗಲೇ, ನಿನ್ನೆಗಿಂತ 39 ನಿಮಿಷ ಮುಂಚೆ, ಗೇಟಿನಲ್ಲಿರಬೇಕು. 1906ರ ಜನವರಿಯಲ್ಲಿ ಹತ್ತಿ ಗಿರಣಿಯ ಕಾರ್ಮಿಕರು ಇದನ್ನು ವಿರೋಧಿಸಿ ಪ್ರತಿಭಟನೆಗಿಳಿದರು. ಆ ನಗರದ ಪುರಸಭೆ ಸ್ವಾತಂತ್ರ್ಯ ಬಂದ ನಂತರವೂ ಕೆಲಕಾಲ ತನ್ನ ಹಳೆಯ ಕಾಲವನ್ನು ಬಿಡಲಿಲ್ಲ.

ಇದನ್ನು ಹಳೆಯ ಕಾಲದವರ ಹಟ ಎಂದು ನಕ್ಕುಬಿಡುವುದು ಸುಲಭ. ಪ್ರಮಾಣಿತ ಕಾಲ ದೇಶಕ್ಕೆ ಬೇಕೇ ಬೇಕಿತ್ತು. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಅದರಲ್ಲಿ ಸಂದೇಹವಿಲ್ಲ. ಆದರೆ ಗಿರಣಿಯ ಕಾರ್ಮಿಕ ಖಗೋಳವನ್ನು ಪ್ರಶ್ನಿಸುತ್ತಿರಲಿಲ್ಲ. ಬದಲಾವಣೆಯ ಭಾರ ತನ್ನ ಹೆಗಲಿಗೇ ಏಕೆ ಬಿತ್ತು, ತನ್ನನ್ನು ಏಕೆ ಕೇಳಲಿಲ್ಲ ಎಂದು ಕೇಳುತ್ತಿದ್ದ.

ಪ್ರಯಾಣಿಕನಿಗೆ ಒಂದು ಕುರ್ಚಿ

ಕೇಳದಿರುವುದಕ್ಕೆ ಕಾರಣವೂ ಇತ್ತು. ಆರಂಭದ ರೈಲ್ವೆ ಕಂಪನಿಗಳು ಲಂಡನ್ನಿನವು. ಹೂಡಿದ ಬಂಡವಾಳಕ್ಕೆ ಶೇಕಡಾ 5ರಷ್ಟು ಪ್ರತಿಫಲವನ್ನು ಸರ್ಕಾರವೇ ಖಾತ್ರಿ ಮಾಡಿತ್ತು. ಲಾಭಕ್ಕೆ ಖಾತ್ರಿ ಇದ್ದ ಮೇಲೆ ಮೂರನೇ ದರ್ಜೆಯ ಪ್ರಯಾಣಿಕನನ್ನು ಮೆಚ್ಚಿಸುವ ಅಗತ್ಯ ಅವರಿಗಿರಲಿಲ್ಲ. ಗಾಡಿ ತುಂಬಿಸುತ್ತಿದ್ದವನು ಅವನೇ ಆಗಿದ್ದರೂ, ಯಾವ ಗಾಡಿ ಎಷ್ಟು ಹೊತ್ತಿಗೆ ಹೊರಡಬೇಕೆಂದು ಅವನನ್ನು ಕೇಳುವ ಪದ್ಧತಿಯೇ ಇರಲಿಲ್ಲ. ದಕ್ಷಿಣ ಆಫ್ರಿಕಾದಿಂದ ಹಿಂದಿರುಗಿದ ಗಾಂಧೀಜಿ ಮೂರನೇ ದರ್ಜೆಯಲ್ಲೇ ದೇಶ ಸುತ್ತಿ, ಆ ಡಬ್ಬಿಗಳ ನೂಕುನುಗ್ಗಲು ಮತ್ತು ಕೊಳಕನ್ನು ಕುರಿತು 1917ರಲ್ಲಿ ಬರೆದರು. ಆ ಬರಹ ಪುಸ್ತಿಕೆಯಾಗಿಯೂ ಪ್ರಕಟವಾಯಿತು.

1920ರಲ್ಲಿ ಸರ್ ವಿಲಿಯಂ ಅಕ್ವರ್ಥ್ ಅವರ ಅಧ್ಯಕ್ಷತೆಯಲ್ಲಿ ರೈಲ್ವೆ ವಿಚಾರಣಾ ಸಮಿತಿ ರಚನೆಯಾಯಿತು. ವಿ. ಎಸ್. ಶ್ರೀನಿವಾಸ ಶಾಸ್ತ್ರಿ ಮತ್ತು ಪುರುಷೋತ್ತಮದಾಸ್ ಠಾಕೂರ್‌ದಾಸ್ ಅದರ ಸದಸ್ಯರಲ್ಲಿ ಸೇರಿದ್ದರು. ರೈಲ್ವೆಯ ಲೆಕ್ಕವನ್ನು ಸಾಮಾನ್ಯ ಬಜೆಟ್ಟಿನಿಂದ ಬೇರ್ಪಡಿಸಬೇಕೆಂದು ಈ ಸಮಿತಿ ಹೇಳಿತು, ಅದರಂತೆ 1924ರಿಂದ ಪ್ರತ್ಯೇಕ ರೈಲ್ವೆ ಬಜೆಟ್ ಬಂತು ಎಂಬುದು ಬಹಳ ಮಂದಿಗೆ ಗೊತ್ತು. ಆ ಪ್ರತ್ಯೇಕ ಬಜೆಟ್ 2017ರಲ್ಲಿ ಮತ್ತೆ ಸಾಮಾನ್ಯ ಬಜೆಟ್ಟಿನೊಳಗೆ ಸೇರಿಹೋಯಿತು. ಸಮಿತಿಯ ಇನ್ನೊಂದು ಸಲಹೆ ಅಷ್ಟು ಪ್ರಸಿದ್ಧವಲ್ಲ, ಆದರೆ ನಮ್ಮ ವಿಷಯಕ್ಕೆ ಅದೇ ಮುಖ್ಯ. ರೈಲನ್ನು ಬಳಸುವವರು ತಮ್ಮ ಅಭಿಪ್ರಾಯ ಹೇಳಲು ಸಲಹಾ ಮಂಡಳಿಗಳಿರಬೇಕು ಎಂದು ಅದು ಸೂಚಿಸಿತು. 1920ರ ದಶಕದಲ್ಲಿ ಸ್ಥಳೀಯ ಸಲಹಾ ಸಮಿತಿಗಳು ಹುಟ್ಟಿಕೊಂಡವು. ಸ್ವಾತಂತ್ರ್ಯಾನಂತರ ಇವೇ ರಾಷ್ಟ್ರ, ವಲಯ ಮತ್ತು ವಿಭಾಗ ಮಟ್ಟದ ರೈಲು ಬಳಕೆದಾರರ ಸಮಾಲೋಚನಾ ಸಮಿತಿಗಳಾಗಿ ಬೆಳೆದವು.

ಈ ಸಮಿತಿಗಳಿಗೆ ಸಲಹೆ ಕೊಡುವ ಅಧಿಕಾರವಿದೆ, ತೀರ್ಮಾನಿಸುವ ಅಧಿಕಾರವಿಲ್ಲ. ಆದರೂ ಇವು ಸಣ್ಣ ವಿಷಯವಲ್ಲ. ವೇಳಾಪಟ್ಟಿಯ ಕೋಣೆಯಲ್ಲಿ ಪ್ರಯಾಣಿಕನಿಗೆ ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿಯಲ್ಲಿ ಕುಳಿತವರು ಯಾರು, ನಸುಕಿನ ಗಾಡಿ ಹಿಡಿಯುವವರೋ ಅಥವಾ ವರ್ಷಕ್ಕೊಮ್ಮೆ ಎಕ್ಸ್‌ಪ್ರೆಸ್ ಹತ್ತುವವರೋ ಎಂಬುದು ಬೇರೆ ಪ್ರಶ್ನೆ. ಪಾಸು ಹಿಡಿದು ದಿನವೂ ಓಡಾಡುವವನಿಗೆ ಹಗಲು ಹೊತ್ತಿನ ಸಭೆಗೆ ಹೋಗಲು ಬಿಡುವಿಲ್ಲ. ಅವನ ಸಭೆ ನಡೆಯುವುದು ಗಾಡಿಯಲ್ಲೇ.

ಓರೆಗೆರೆಗಳ ಲೆಕ್ಕ

ಗಾಡಿಯೊಳಗಿನ ಆ ಸಭೆಯಲ್ಲಿ ಪದೇ ಪದೇ ಬರುವ ದೂರು ಒಂದಿದೆ: “ಎಕ್ಸ್‌ಪ್ರೆಸ್ ಮುಂದೆ ಹೋಗಲಿ ಎಂದು ನಮ್ಮ ಗಾಡಿಯನ್ನು ನಿಲ್ಲಿಸುತ್ತಾರೆ.” ದೂರು ನಿಜ. ಏಕೆ ನಿಲ್ಲಿಸುತ್ತಾರೆಂದು ಅರಿಯಲು ವೇಳಾಪಟ್ಟಿ ಸಿದ್ಧವಾಗುವ ಬಗೆಯನ್ನು ನೋಡಬೇಕು.

ನಾವು ಕಾಣುವ ವೇಳಾಪಟ್ಟಿ ಅಂಕಣಗಳಲ್ಲಿರುತ್ತದೆ. ಅದನ್ನು ತಯಾರಿಸುವವರು ನೋಡುವುದು ಒಂದು ನಕ್ಷೆಯನ್ನು. ಅದರಲ್ಲಿ ಅಡ್ಡಕ್ಕೆ ಹೊತ್ತು, ಉದ್ದಕ್ಕೆ ನಿಲ್ದಾಣಗಳು. ಪ್ರತಿಯೊಂದು ಗಾಡಿಯೂ ಅದರಲ್ಲಿ ಒಂದು ಓರೆಗೆರೆ. ವೇಗದ ಗಾಡಿಯ ಗೆರೆ ಕಡಿದಾಗಿ ಏರುತ್ತದೆ. ನಿಧಾನದ ಗಾಡಿಯದು ಮಲಗಿಕೊಂಡಂತೆ ಸಾಗುತ್ತದೆ. ನಿಂತ ಗಾಡಿಯದು ಅಡ್ಡಗೆರೆ. ಫ್ರಾನ್ಸಿನ ಇಬ್ರಿ ಎಂಬ ಎಂಜಿನಿಯರ್ ರೂಪಿಸಿದ ಇಂಥ ನಕ್ಷೆಯನ್ನು ಎತಿಯೆನ್ ಜೂಲ್ ಮಾರೇ ಎಂಬ ವಿಜ್ಞಾನಿ 19ನೇ ಶತಮಾನದ ಕೊನೆಯ ಭಾಗದಲ್ಲಿ ತಮ್ಮ ಗ್ರಂಥದಲ್ಲಿ ಪ್ರಕಟಿಸಿ ಪ್ರಸಿದ್ಧಿಗೊಳಿಸಿದರು. ಇಂದು ಕಾಗದದ ಬದಲು ಕಂಪ್ಯೂಟರಿನ ಪರದೆ ಬಂದಿದೆ. ಗೆರೆಗಳ ತತ್ವ ಅದೇ.

ಈಗ ನೀವೇ ಒಂದು ಹಾಳೆ ತೆಗೆದುಕೊಳ್ಳಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್ ಎಂದು ಎಲ್ಲ ಕಡೆ ನಿಲ್ಲುವ ಗಾಡಿಯ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಅದಕ್ಕೆ 105 ನಿಮಿಷ ಬೇಕು. ನಡುವೆ ನಿಲ್ಲದ ಗಾಡಿಯ ವೇಗ 90 ಎಂದಾದರೆ ಅದಕ್ಕೆ 47 ನಿಮಿಷ ಸಾಕು. ವ್ಯತ್ಯಾಸ 58 ನಿಮಿಷ. ಅಂದರೆ ನಿಧಾನದ ಗಾಡಿ ಬಂಗಾರಪೇಟೆ ಬಿಟ್ಟ 58 ನಿಮಿಷದೊಳಗೆ ವೇಗದ ಯಾವ ಗಾಡಿ ಹಿಂದಿನಿಂದ ಬಂದರೂ ಬೆಂಗಳೂರಿಗೆ ಮುಂಚೆಯೇ ಅದನ್ನು ಹಿಡಿದುಬಿಡುತ್ತದೆ. ನಕ್ಷೆಯಲ್ಲಿ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುತ್ತವೆ. ಒಂದು ಹಳಿಯ ಮೇಲೆ ಗೆರೆ ಕತ್ತರಿಸುವಂತಿಲ್ಲ! ಆದ್ದರಿಂದ ನಿಧಾನದ ಗಾಡಿಯನ್ನು ಯಾವುದಾದರೂ ನಿಲ್ದಾಣದ ಲೂಪ್ ಹಳಿಗೆ ಸರಿಸಿ, ಹಿಂದಿನ ಗಾಡಿ ದಾಟಿ, ಮುಂದಿನ ಸಿಗ್ನಲ್ ತೆರವಾಗುವವರೆಗೆ ಕಾಯಿಸಬೇಕು. ಹತ್ತು ಹದಿನೈದು ನಿಮಿಷ ಅಲ್ಲೇ ಕಳೆಯುತ್ತದೆ.

ಇದನ್ನು ತಪ್ಪಿಸಲು ಕೆಲವು ದಾರಿಗಳಿವೆ. ನಿಧಾನದ ಗಾಡಿಯನ್ನು ಇನ್ನಷ್ಟು ಮೊದಲು ಹೊರಡಿಸಬಹುದು. ಪ್ರಕಟಣೆಯಲ್ಲಿ ನಾವು ಓದುವ ಹತ್ತು ನಿಮಿಷ ಬಹಳ ಸಲ ಹುಟ್ಟುವುದು ಇಲ್ಲಿ. ವೇಗದ ಗಾಡಿಯನ್ನು ತುಸು ತಡವಾಗಿ ಹೊರಡಿಸಬಹುದು. ಅದು ದೂರದಿಂದ ಬರುವ ಗಾಡಿಯಾದರೆ, ಪಕ್ಕದ ದಕ್ಷಿಣ ರೈಲ್ವೆಯ ಒಪ್ಪಿಗೆಯೂ ಬೇಕಾಗುತ್ತದೆ. ನಿಂತು ಹೊರಡುವಾಗ ಬೇಗ ವೇಗ ಪಡೆಯುವ ಮೆಮು ಗಾಡಿ ಹಾಕಿದರೆ ನಿಧಾನದ ಗಾಡಿಯ ಗೆರೆಯೂ ಸ್ವಲ್ಪ ಕಡಿದಾಗುತ್ತದೆ. ಕೊನೆಯದಾಗಿ, ಹಳಿಗಳನ್ನೇ ಹೆಚ್ಚಿಸಬಹುದು. ಬೆಂಗಳೂರು ದಂಡು ಮತ್ತು ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿಗಳ ಕಾಮಗಾರಿ ಕೈಗೆತ್ತಿಕೊಂಡದ್ದು ಇದೇ ಕಾರಣಕ್ಕೆ. ಮೊದಲ ದಾರಿಗೆ ಕಾಸು ಖರ್ಚಿಲ್ಲ, ಕೊನೆಯದಕ್ಕೆ ಕೋಟಿಗಟ್ಟಲೆ ಬೇಕು. ಖರ್ಚಿಲ್ಲದ ದಾರಿಯ ಖರ್ಚನ್ನು ಕೊಡುವವರು ನಸುಕಿನಲ್ಲಿ ಏಳುವವರು ಎಂಬುದು ಮಾತ್ರ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

ಟೆಲಿವಿಷನ್ ಕೆಲಸದಲ್ಲಿರುವ ನನಗೆ ಈ ನಕ್ಷೆ ಪರಿಚಿತವೆನಿಸುತ್ತದೆ. ನಮ್ಮಲ್ಲಿ ಫಿಕ್ಸೆಡ್ ಪಾಯಿಂಟ್ ಚಾರ್ಟ್ ಎಂಬುದೊಂದಿದೆ. ಸುದ್ದಿಯ ಹೊತ್ತು ಅಲುಗಾಡುವಂತಿಲ್ಲ. ಉಳಿದ ಕಾರ್ಯಕ್ರಮಗಳು ಅದರ ಸುತ್ತ ಜಾಗ ಮಾಡಿಕೊಳ್ಳಬೇಕು. ದೂರದ ಮೈಲ್ ಗಾಡಿ ರೈಲ್ವೆಯ ಪಾಲಿಗೆ ಸುದ್ದಿಯಿದ್ದಂತೆ. ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಕಾರ್ಯಕ್ರಮ ಹತ್ತು ನಿಮಿಷ ಸರಿದರೆ ನೋಡುಗನ ಕೂಲಿ ಕತ್ತರಿಸಿಹೋಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿರಬಹುದು. ಎಷ್ಟೋ ಗಾಡಿಗಳಿಗೆ ಕೊನೆಯ ನಾಲ್ಕೈದು ಕಿಲೋಮೀಟರ್‌ಗೆ ವೇಳಾಪಟ್ಟಿಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿರುತ್ತಾರೆ. ದಾರಿಯಲ್ಲಿ ತಡವಾದರೆ ಅಲ್ಲಿ ಸರಿದೂಗಿಸಿಕೊಳ್ಳಲಿ ಎಂದು. ಗಾಡಿಯ ಸಮಯಪಾಲನೆಯನ್ನು ಅಳೆಯುವುದೂ ಬಹುಮಟ್ಟಿಗೆ ಅದು ಕೊನೆಯ ನಿಲ್ದಾಣ ತಲುಪಿದ ಹೊತ್ತಿನಿಂದಲೇ. ಹೀಗಾಗಿ ವೈಟ್‌ಫೀಲ್ಡಿನಲ್ಲಿ ಇಳಿಯುವವಳ ಪಾಲಿಗೆ ಇಪ್ಪತ್ತು ನಿಮಿಷ ತಡವಾದ ಗಾಡಿ, ಲೆಕ್ಕದ ಪುಸ್ತಕದಲ್ಲಿ ಸಮಯಕ್ಕೆ ಸರಿಯಾಗಿ ಬಂದ ಗಾಡಿಯಾಗಿರಲು ಸಾಧ್ಯ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಳೆದ ಜಾಗ ಬೇರೆ, ಅಷ್ಟೆ.

ನಿಂತುಹೋದ ಗಾಡಿ, ಮತ್ತೆ ಬಂದ ಗಾಡಿ

2003ರ ಏಪ್ರಿಲ್ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ನೈಋತ್ಯ ರೈಲ್ವೆ ಆರಂಭವಾಯಿತು. ಅಲ್ಲಿಯವರೆಗೆ ಬೆಂಗಳೂರು, ಮೈಸೂರು ವಿಭಾಗಗಳು ಚೆನ್ನೈ ಕೇಂದ್ರದ ದಕ್ಷಿಣ ರೈಲ್ವೆಗೆ ಸೇರಿದ್ದವು. ವೇಳಾಪಟ್ಟಿಯ ಕೋಣೆ ಕರ್ನಾಟಕದೊಳಗೆ ಬಂದದ್ದು ಹೀಗೆ. ಅರ್ಜಿ ಕೊಡುವ ಕಚೇರಿ ಹತ್ತಿರವಾಯಿತು. ಆದರೆ ಹಳಿ ಮಾತ್ರ ಅದೇ ಹಳಿ.

ಆ ಹಳಿಯ ಬೆಲೆ ಎಷ್ಟೆಂದು ಎಲ್ಲರಿಗೂ ತಿಳಿದದ್ದು 2020ರಲ್ಲಿ. ಕೋವಿಡ್ ಕಾರಣದಿಂದ ಮಾರ್ಚ್ ತಿಂಗಳಲ್ಲಿ ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಮೊದಲು ಮರಳಿ ಬಂದದ್ದು ಸೀಟು ಕಾಯ್ದಿರಿಸಿ ಹತ್ತುವ ದೂರದ ಗಾಡಿಗಳು. ನಿಧಾನದ ಗಾಡಿಗಳು, ತಿಂಗಳ ಪಾಸುಗಳು ಬರಲು ಬಹಳ ಕಾಲ ಹಿಡಿಯಿತು. ಬಂದಾಗಲೂ ಅನೇಕ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರವೇ ಇತ್ತು. ಕನಿಷ್ಠ 10 ರೂಪಾಯಿಯ ಟಿಕೆಟ್ಟಿಗೆ 30 ರೂಪಾಯಿ. ಆ ದರ ಇಳಿದದ್ದು 2024ರ ಫೆಬ್ರವರಿಯಲ್ಲಿ. ಗಾಡಿಗಳು ನಿಂತ ಹೊತ್ತಿನಲ್ಲೇ ಬೊಂಬಾಯಿಯ ಐ.ಐ.ಟಿ.ಯ ನೆರವಿನಿಂದ ‘ಶೂನ್ಯಾಧಾರಿತ ವೇಳಾಪಟ್ಟಿ’ ಸಿದ್ಧವಾಯಿತು. ಹಳೆಯ ಪಟ್ಟಿಯನ್ನು ತಿದ್ದುವ ಬದಲು ಖಾಲಿ ಹಾಳೆಯಿಂದ ಆರಂಭಿಸುವುದು ಅದರ ತತ್ವ. ಹಳಿ ದುರಸ್ತಿಗೆ ನಿಶ್ಚಿತ ಬಿಡುವು, ಗಾಡಿಗಳಿಗೆ ಹೆಚ್ಚು ವೇಗ, ಜನ ಹತ್ತದ ಕಡೆ ನಿಲುಗಡೆ ಕಡಿತ ಎಂಬ ಉದ್ದೇಶಗಳು ಅದರಲ್ಲಿದ್ದವು.

ಖಾಲಿ ಹಾಳೆ ಗಣಿತಕ್ಕೆ ಒಳ್ಳೆಯದು. ನೂರು ವರ್ಷಗಳಲ್ಲಿ ಒಂದೊಂದಾಗಿ ಅಂಟಿಕೊಂಡ ಕಗ್ಗಂಟುಗಳನ್ನು ಹಾಗಲ್ಲದೆ ಬಿಡಿಸಲಾಗದು. ಆದರೆ ಹಳೆಯ ವೇಳಾಪಟ್ಟಿಯ ಕೆಲವು ಗಂಟುಗಳನ್ನು ಜನರೇ ಹಾಕಿರುತ್ತಾರೆ. ಯಾವುದೋ ಸಣ್ಣ ನಿಲ್ದಾಣದಲ್ಲಿ ಗಾಡಿ ಒಂದು ನಿಮಿಷ ನಿಲ್ಲುವುದರ ಹಿಂದೆ ಹತ್ತು ವರ್ಷಗಳ ಮನವಿಪತ್ರಗಳಿರಬಹುದು. ಖಾಲಿ ಹಾಳೆಗೆ ಆ ನೆನಪಿರುವುದಿಲ್ಲ. ಅದನ್ನು ನೆನಪಿಸುವವರು ಗಾಡಿಯೊಳಗೆ ಚರ್ಚಿಸುವ ಈ ಜನ.

ಈ ಚರ್ಚೆಯ ವಿಷಯಗಳೂ ಬದಲಾಗುತ್ತಾ ಬಂದಿವೆ. 2022ರ ಜೂನ್‌ನಲ್ಲಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಗಾಡಿಗಳು ಹೊರಡತೊಡಗಿದಾಗ, ಗಾಡಿ ನಗರದ ಯಾವ ನಿಲ್ದಾಣಕ್ಕೆ ಬರುತ್ತದೆಂಬುದೂ ಹೊತ್ತಿನಷ್ಟೇ ಮುಖ್ಯವಾಯಿತು. 2023ರಲ್ಲಿ ನಮ್ಮ ಮೆಟ್ರೊ ವೈಟ್‌ಫೀಲ್ಡ್ ಮುಟ್ಟಿ, ಅದೇ ವರ್ಷದ ಅಕ್ಟೋಬರಿನಲ್ಲಿ ನಗರದ ಮಾರ್ಗಕ್ಕೆ ಜೋಡಣೆಯಾಯಿತು. ವೈಟ್‌ಫೀಲ್ಡಿನಲ್ಲೋ ಕೃಷ್ಣರಾಜಪುರದಲ್ಲೋ ಇಳಿದು ಮೆಟ್ರೊ ಹಿಡಿಯುವವರಿಗೆ, ಗಾಡಿ ಕೊನೆಯ ನಿಲ್ದಾಣವನ್ನು ಎಷ್ಟು ಹೊತ್ತಿಗೆ ಸೇರುತ್ತದೆ ಎಂಬುದಕ್ಕಿಂತ ನಡುವಿನ ನಿಲ್ದಾಣವನ್ನು ಎಷ್ಟು ಹೊತ್ತಿಗೆ ಸೇರುತ್ತದೆ ಎಂಬುದು ಮುಖ್ಯ. ಅಳತೆಯ ಜಾಗ ಬದಲಾಗಬೇಕೆಂಬ ವಾದಕ್ಕೆ ಈಗ ಇನ್ನಷ್ಟು ಬಲ ಬಂದಿದೆ.

ಚರ್ಚೆಯನ್ನು ಹಾಳೆಗೆ ಇಳಿಸಿ

ಹಾಗಾದರೆ ಗಾಡಿಯೊಳಗಿನ ಮಾತು ವೇಳಾಪಟ್ಟಿಯ ಕೋಣೆಗೆ ಮುಟ್ಟುವುದು ಹೇಗೆ? ಇತಿಹಾಸದಿಂದ ಒಂದು ಪಾಠವನ್ನು ನಾವು ಕಲಿಯಬಹುದು. ‘ನಮಗೆ ಕಷ್ಟವಾಗಿದೆ’ ಎಂಬ ದೂರಿಗೆ ಸಹಾನುಭೂತಿ ಸಿಗುತ್ತದೆ. ‘ನಮ್ಮ ಗೆರೆಯನ್ನು ಇಲ್ಲಿ ಇಡಬಹುದು’ ಎಂಬ ವಾದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಪಾಸಿನ ಪ್ರಯಾಣಿಕರು ತಮ್ಮ ಗಾಡಿ ಒಂದು ತಿಂಗಳು ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಬಂತೆಂದು ಬರೆದಿಡಲಿ. ಎಲ್ಲಿ, ಯಾವ ಗಾಡಿಗಾಗಿ, ಎಷ್ಟು ನಿಮಿಷ ನಿಂತಿತೆಂದು ಗುರುತಿಸಲಿ. ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ತಾವೇ ಎಣಿಸಲಿ. ಮನೆಯಿಂದ ನಿಲ್ದಾಣಕ್ಕೆ ಬರುವ ಮೊದಲ ಬಸ್ಸಿನ ಹೊತ್ತನ್ನೂ ಅದೇ ಹಾಳೆಯಲ್ಲಿ ಬರೆಯಲಿ. ಬಸ್ಸಿನ ಸಂಸ್ಥೆ ಬೇರೆ, ರೈಲಿನ ಸಂಸ್ಥೆ ಬೇರೆ ಆದರೂ ಪ್ರಯಾಣಿಕ ಒಬ್ಬನೇ ತಾನೆ? ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯಲು ಕಲಿತ ಯಾವ ಮಗುವಾದರೂ ಈ ಅಂಕಿಗಳಿಂದ ನಕ್ಷೆ ಬಿಡಿಸಬಲ್ಲದು. ಅಂಥ ಒಂದು ಹಾಳೆ ವಿಭಾಗದ ಸಮಾಲೋಚನಾ ಸಮಿತಿಯ ಮೇಜಿನ ಮೇಲೆ ಬಂದರೆ, ಅಲ್ಲಿ ಕುಳಿತವರು ನಸುಕಿನ ಗಾಡಿಯವರಲ್ಲದಿದ್ದರೂ ಆ ಗಾಡಿಯ ಮಾತನ್ನು ಓದಲೇಬೇಕಾಗುತ್ತದೆ.

ಇಷ್ಟಾದರೂ ಎಲ್ಲ ಬೇಡಿಕೆಗಳೂ ಈಡೇರುವುದಿಲ್ಲ. ಚೆನ್ನೈಗೆ ಆಸ್ಪತ್ರೆಗೋ ಪರೀಕ್ಷೆಗೋ ಹೋಗುವವರೂ ಪ್ರಯಾಣಿಕರೇ. ಅವರ ಗಾಡಿಗೂ ಹಳಿ ಬೇಕು. ಎರಡು ಗೆರೆಗಳಲ್ಲಿ ಒಂದು ಬಾಗಲೇಬೇಕು. ಬಾಗುವ ಗೆರೆ ಪ್ರತಿ ಸಲವೂ ಒಂದೇ ಆಗಬೇಕೇ, ಬಾಗುವ ಮುನ್ನ ಅದರಲ್ಲಿ ಕುಳಿತವರನ್ನು ಒಂದು ಮಾತು ಕೇಳಬಾರದೇ ಎಂಬುದಷ್ಟೇ ಪ್ರಶ್ನೆ. 1906ರ ಗಿರಣಿ ಕಾರ್ಮಿಕ ಕೇಳಿದ್ದೂ ಇದನ್ನೇ, ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ಹೆಣ್ಣುಮಗಳು ಇಂದು ಕೇಳುತ್ತಿರುವುದೂ ಇದನ್ನೇ.

ನಿಮ್ಮ ಊರಿನ ನಿಲ್ದಾಣದಲ್ಲಿ ಹೊಸ ವೇಳಾಪಟ್ಟಿ ಅಂಟಿಸಿದಾಗ ನಿಮ್ಮ ಗಾಡಿಯ ಹೊತ್ತನ್ನಷ್ಟೇ ನೋಡಿ ತಿರುಗಬೇಡಿ. ಅದರ ಹಿಂದೆ ಮುಂದೆ ಹೋಗುವ ಗಾಡಿಗಳ ಹೊತ್ತನ್ನೂ ಒಮ್ಮೆ ಓದಿ. ನಿಮ್ಮ ಹತ್ತು ನಿಮಿಷ ಎಲ್ಲಿಗೆ ಹೋಯಿತೆಂಬುದು ಅಲ್ಲೇ ಬರೆದಿರುತ್ತದೆ.